ಪಾರ್ಟಿ ಕೊಟ್ಟ ಡಿಎಕ್ಸ್‌ಎಫ್ ಕ್ಯಾಮ್‌ನಲ್ಲಿ ತೆರೆದರೆ 180 ಎಂಎಂ ಪ್ಲೇಟ್ 4572 ಆಗಿ ಬರ್ತಿದೆ, ಏನು ಮಾಡಲಿ?

ಹಿರೇಹಳ್ಳಿ_ಮಿಲ್ಲರ್

ಎಲ್ಲರಿಗೂ ನಮಸ್ಕಾರ. ತುಮಕೂರು ಹತ್ತಿರ ಹಿರೇಹಳ್ಳಿಯಲ್ಲಿ ಒಂದು ಸಣ್ಣ ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ದಿನ ಮಾಮೂಲಿ ಮಿಲ್ಲಿಂಗ್ ಮೆಷಿನ್, ಈಗ ಓನರ್ ಒಂದು ಸೆಕೆಂಡ್ ಹ್ಯಾಂಡ್ ವಿಎಂಸಿ (ಪ್ರೋಗ್ರಾಂನಿಂದ ಓಡೋ ಮಿಲ್ಲಿಂಗ್ ಮೆಷಿನ್) ತಂದಿದ್ದಾರೆ, ಫ್ಯಾನಕ್ ಕಂಟ್ರೋಲ್. ಫೇಸಿಂಗ್, ಡ್ರಿಲ್ಲಿಂಗ್‌ಗೆಲ್ಲ ಕೈಯಲ್ಲೇ ಪ್ರೋಗ್ರಾಂ ಬರೆದು ಓಡಿಸುತ್ತೇನೆ. ಕ್ಯಾಮ್, ಅಂದರೆ ಡ್ರಾಯಿಂಗ್‌ನಿಂದ ಮೆಷಿನ್ ಪ್ರೋಗ್ರಾಂ ಮಾಡಿಕೊಡೋ ಸಾಫ್ಟ್‌ವೇರ್, ಮಾತ್ರ ಹೊಸದು, ಫ್ಯೂಷನ್ ಫ್ರೀ ವರ್ಷನ್ ಹಾಕಿಕೊಂಡು ಕಲಿಯುತ್ತಿದ್ದೇನೆ.

ಗುಬ್ಬಿ ಕಡೆಯ ಒಬ್ಬ ಪಾರ್ಟಿ ಅಡಿಕೆ ಸುಲಿಯುವ ಮೆಷಿನ್‌ನ ಸೈಡ್ ಪ್ಲೇಟ್ ಕೇಳಿದ್ದಾರೆ. ಎಂಎಸ್ (ಮೈಲ್ಡ್ ಸ್ಟೀಲ್), 12 ಎಂಎಂ ದಪ್ಪ, 180 × 120. ಎರಡು 6204 ಬೇರಿಂಗ್ ಕೂರುವ ಬೋರ್, ನಾಲ್ಕು ಎಂ8 ಟ್ಯಾಪಿಂಗ್, ಮಧ್ಯೆ ಬಾಳೆಕಾಯಿ ತರಹ ಬಗ್ಗಿದ ಒಂದು ಆರ್‌ಪಾರ್ ಸ್ಲಾಟ್. ಡಿಎಕ್ಸ್‌ಎಫ್ (ಕ್ಯಾಡ್ ಡ್ರಾಯಿಂಗ್) ಫೈಲ್ ವಾಟ್ಸಾಪ್‌ನಲ್ಲಿ ಕಳಿಸಿದರು, ಜೊತೆಗೆ ಪ್ರಿಂಟ್‌ನ ಒಂದು ಫೋಟೋ.

ತೊಂದರೆ ಏನಂದರೆ, ಇಂಪೋರ್ಟ್ ಮಾಡಿದರೆ 180 ಇರಬೇಕಾದ ಕಡೆ 4572 ತೋರಿಸುತ್ತೆ. ಡ್ರಾಯಿಂಗ್ ಒರಿಜಿನ್‌ನಿಂದ ಎಲ್ಲೋ ದೂರ ಹೋಗಿ ಕೂತಿದೆ. ಸ್ಲಾಟ್ ಸೆಲೆಕ್ಟ್ ಮಾಡಲು ಹೋದರೆ ಚೈನ್ (ಒಂದಕ್ಕೊಂದು ಸೇರಿದ ಗೆರೆಗಳ ಸಾಲು) ಅರ್ಧಕ್ಕೇ ನಿಲ್ಲುತ್ತೆ. ಒಂದು ಬದಿಯ ಅಂಚಿನಲ್ಲಿ ಟೂಲ್ ಅದೇ ದಾರಿಯಲ್ಲಿ ಎರಡು ಸಲ ಓಡ್ತಿದೆ. ಸೈಜ್ ಸರಿ ಮಾಡೋಣ ಅಂತ ಸ್ಕೇಲ್ 0.0394 ಕೊಟ್ಟರೆ 180.14 ಬಂತು. ಇದು ಫೈಲ್ ತೊಂದರೆಯಾ, ಸಾಫ್ಟ್‌ವೇರ್ ತೊಂದರೆಯಾ?

ಅಂತರಸನಹಳ್ಳಿ_ಸೆಟ್ಟರ್

ಫೈಲ್ ತೊಂದರೆ. ಸಾಫ್ಟ್‌ವೇರ್ ಮೇಲೆ ಕೋಪ ಬೇಡ.

4572 ಅಂದರೆ 180 ಗುಣಿಸು 25.4. ಡಿಎಕ್ಸ್‌ಎಫ್ ಒಳಗೆ ಇರೋದು ಬರೀ ನಂಬರ್. ಆ 180 ಇಂಚೋ ಎಂಎಂಓ ಅಂತ ಹೇಳಲು ಮೇಲ್ಗಡೆ ಹೆಡರ್‌ನಲ್ಲಿ ಒಂದೇ ಒಂದು ಜಾಗ ಇದೆ. ಬೇಕಿದ್ದರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಡಿಎಕ್ಸ್‌ಎಫ್ ಸಾಮಾನ್ಯವಾಗಿ ಓದಬಹುದಾದ ಟೆಕ್ಸ್ಟ್ ಫೈಲೇ. ಡಾಲರ್ ಗುರುತಿನ ಜೊತೆ ಇನ್ಸ್‌ಯುನಿಟ್ಸ್ ಅನ್ನೋ ಸಾಲು ಹುಡುಕಿ. ಅದರ ಕೆಳಗೆ 70, ಅದರ ಕೆಳಗೆ ಒಂದು ಅಂಕಿ. 1 ಇದ್ದರೆ ಇಂಚು, 4 ಇದ್ದರೆ ಎಂಎಂ, 0 ಇದ್ದರೆ ಬರೆದವರು ಏನೂ ಹೇಳಿಲ್ಲ ಅಂತ ಅರ್ಥ. ನಿಮ್ಮದರಲ್ಲಿ 1 ಇರಬೇಕು. ಎಂಎಂನಲ್ಲಿ ಬರೆದಿದ್ದಾರೆ, ಆದರೆ ತೆಗೆದುಕೊಂಡ ಟೆಂಪ್ಲೇಟ್ ಇಂಚಿನದು. ಇದು ಭಾಳ ಮಾಮೂಲು.

ಸ್ಕೇಲ್ ಮಾಡೋ ಕೆಲಸಕ್ಕೆ ಹೋಗಲೇಬೇಡಿ. 0.0394 ಅನ್ನೋದು ರೌಂಡ್ ಮಾಡಿದ ಅಂಕಿ, ಅದಕ್ಕೇ 180.14 ಬಂದಿದ್ದು. ಬಂದದ್ದನ್ನ ಡಿಲೀಟ್ ಮಾಡಿ, ಇನ್ನೊಮ್ಮೆ ಇನ್ಸರ್ಟ್ ಡಿಎಕ್ಸ್‌ಎಫ್ ಕೊಟ್ಟು ಯುನಿಟ್ಸ್ ಅನ್ನೋ ಕಡೆ ಮಿಲಿಮೀಟರ್ ಆರಿಸಿ. ಅಷ್ಟೇ.

ಉಳಿದ ಮೂರನ್ನೂ ಕ್ಯಾಡ್‌ನಲ್ಲೇ ಸರಿ ಮಾಡಿಕೊಂಡು ಬನ್ನಿ. ಕ್ಯಾಮ್ ಒಳಗೆ ಕೂತು ಗೆರೆ ಜೋಡಿಸೋದು ಸುಮ್ನೆ ಟೈಮ್ ವೇಸ್ಟ್. ಆಟೋಕ್ಯಾಡ್ ಇದ್ದರೆ ಮೊದಲು ಓವರ್‌ಕಿಲ್ ಕೊಡಿ. ಗೆರೆ ಮೇಲೆ ಗೆರೆ ಕೂತಿದ್ದರೆ ಒಂದನ್ನು ತೆಗೆದುಹಾಕುತ್ತೆ, ನಿಮ್ಮ ಟೂಲ್ ಎರಡು ಸಲ ಓಡ್ತಿರೋದು ಅದರಿಂದಲೇ. ಆಮೇಲೆ ಪೆಡಿಟ್‌ನಲ್ಲಿ ಮಲ್ಟಿಪಲ್, ಜಾಯಿನ್ ಕೊಟ್ಟು ಫಜ್ ಡಿಸ್ಟೆನ್ಸ್ (ಎಷ್ಟು ಸಂದಿನವರೆಗೆ ಜೋಡಿಸಬೇಕು ಅನ್ನೋ ಅಳತೆ) 0.02 ಹಾಕಿ. ಸ್ಲಾಟ್‌ನ ಮೂಲೆಯಲ್ಲಿ ಎರಡು ಗೆರೆ ಮುಟ್ಟಿದ ಹಾಗೆ ಕಾಣುತ್ತೆ, ಪೂರ್ತಿ ಜೂಮ್ ಮಾಡಿದರೆ ನಡುವೆ ಸಣ್ಣ ಸಂದು ಇರುತ್ತೆ. ಕಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ, ಆದರೆ ಕ್ಯಾಮ್‌ಗೆ ಅಲ್ಲಿಗೆ ದಾರಿ ಮುಗಿಯಿತು. ಜಾಸ್ತಿ ಫಜ್ ಕೊಡಬೇಡಿ, ಬೇಡದ್ದೆಲ್ಲ ಅಂಟಿಕೊಳ್ಳುತ್ತೆ.

ಇಷ್ಟಾದ ಮೇಲೂ ಜೋಡಣೆ ಆಗದಿದ್ದರೆ ಜ಼ೆಡ್ ನೋಡಿ. ಒಂದು ಗೆರೆ ಜ಼ೆಡ್ ಸೊನ್ನೆಯಲ್ಲಿ, ಪಕ್ಕದ್ದು ಜ಼ೆಡ್ 3ರಲ್ಲಿ ಇದ್ದರೆ ಟಾಪ್ ವ್ಯೂನಲ್ಲಿ ಗೊತ್ತೇ ಆಗಲ್ಲ. ಸೈಡ್ ವ್ಯೂಗೆ ತಿರುಗಿಸಿದರೆ ಬಣ್ಣ ಬಯಲು. ಫ್ಲಾಟನ್ ಕೊಟ್ಟರೆ ಎಲ್ಲ ಕೆಳಗೆ ಬರುತ್ತೆ.

ಡೈಮೆನ್ಷನ್, ಟೈಟಲ್ ಬ್ಲಾಕ್, ಸೆಂಟರ್ ಲೈನ್, ಹ್ಯಾಚ್ ಯಾವುದೂ ಬೇಡ, ಬರೀ ಕಟ್ ಆಗೋ ಗೆರೆ ಇಟ್ಟುಕೊಳ್ಳಿ. ಕೊನೆಗೆ ಮೂವ್ ಕೊಟ್ಟು ಪ್ಲೇಟ್‌ನ ಎಡಗಡೆ ಕೆಳಗಿನ ಮೂಲೆಯನ್ನು 0,0ಗೆ ತನ್ನಿ. ವೈಸ್‌ನಲ್ಲಿ ಎಡ್ಜ್ ಫೈಂಡರ್ ಮುಟ್ಟಿಸಿ ಜಿ54 (ಜಾಬ್‌ನ ಸೊನ್ನೆ) ತೆಗೆದುಕೊಳ್ಳೋ ಮೂಲೆ ಯಾವುದೋ, ಡ್ರಾಯಿಂಗ್‌ನ ಸೊನ್ನೆಯೂ ಅದೇ ಆಗಿರಲಿ.

ವೇಮಗಲ್_ಹಳೇಕೈ

ನಾನು ಕೋಲಾರ ಕಡೆಯವನು, ಹೇಳೋದು ಬೇರೆ. ಇಷ್ಟು ಸಣ್ಣ ಜಾಬ್‌ಗೆ ಇಂಪೋರ್ಟ್ ಯಾಕೆ ಬೇಕು? ಒಂದು ಆಯತ, ಆರು ರಂಧ್ರ, ಒಂದು ಸ್ಲಾಟ್. ಪ್ರಿಂಟ್ ನೋಡಿಕೊಂಡು ಫ್ಯೂಷನ್ ಸ್ಕೆಚ್‌ನಲ್ಲೇ ಬರೆದರೆ ಕಾಲು ಗಂಟೆ ಕೆಲಸ. ಫೈಲ್ ರಿಪೇರಿ ಮಾಡೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತೆ.

ಇನ್ನೊಂದು ವಿಷಯ ತಮ್ಮಾ. ಪ್ರಿಂಟ್‌ನಲ್ಲಿ 40 ಅಂತ ಇದ್ದ ಮಾತ್ರಕ್ಕೆ ಗೆರೆ 40 ಇರಬೇಕು ಅಂತೇನಿಲ್ಲ. ಕೆಲವರು ಅಳತೆ ಬದಲಾದಾಗ ಗೆರೆ ಮುಟ್ಟೋದೇ ಇಲ್ಲ, ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ ಅಂಕಿ ಮಾತ್ರ ತಿದ್ದಿ ಕಳಿಸುತ್ತಾರೆ. ಗೆರೆ 39.6ರಲ್ಲೇ ಉಳಿದಿರುತ್ತೆ. ಕ್ಯಾಮ್ ನೋಡೋದು ಗೆರೆಯನ್ನ, ಪಾರ್ಟಿ ನೋಡೋದು ಅಂಕಿಯನ್ನ. ಜಾಬ್ ರಿಜೆಕ್ಟ್ ಆದರೆ ‘ನಿಮ್ಮ ಫೈಲ್‌ನಲ್ಲಿ ಹಾಗೇ ಇತ್ತು’ ಅಂದರೆ ಯಾರೂ ಕೇಳಲ್ಲ. ಆ ಎರಡು ಬೋರ್ ನಡುವಿನ ಸೆಂಟರ್ ದೂರವನ್ನಾದರೂ ಡಿಸ್ಟ್ ಕಮಾಂಡ್‌ನಲ್ಲಿ ಅಳೆದು ಪ್ರಿಂಟ್ ಜೊತೆ ತಾಳೆ ನೋಡು.

ಬೇರಿಂಗ್ ಬೋರ್ ವಿಷಯಕ್ಕೂ ಅದೇ ಮಾತು. 6204ರ ಹೊರ ವ್ಯಾಸ 47. ಡಿಎಕ್ಸ್‌ಎಫ್‌ನಲ್ಲಿ ಸರ್ಕಲ್ ಸರಿಯಾಗಿ 47.000 ಇರುತ್ತೆ. ಪ್ರಿಂಟ್‌ನಲ್ಲಿ 47 ಎಚ್7 ಅಂತ ಇದೆಯಾ ನೋಡು. ಇದ್ದರೆ 47.000ದಿಂದ 47.025ರ ಒಳಗೆ ಬರಬೇಕು. ಆ ಟಾಲರೆನ್ಸ್ ಗೆರೆಯಲ್ಲಿ ಇರೋದಿಲ್ಲ, ಯಾವ ಸಾಫ್ಟ್‌ವೇರೂ ಅದನ್ನ ತಾನಾಗೇ ಓದಿಕೊಳ್ಳೋದಿಲ್ಲ. ನಾನಾದರೆ ಎಂಡ್‌ಮಿಲ್‌ನಲ್ಲಿ 46.5ರವರೆಗೆ ತಿರುಗಿಸಿ, ಫಿನಿಶ್‌ಗೆ ಬೋರಿಂಗ್ ಬಾರ್ ಹಾಕುತ್ತೇನೆ. ಸೆಕೆಂಡ್ ಹ್ಯಾಂಡ್ ಮೆಷಿನ್ ಅಂತೀಯ, ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇದ್ದರೆ ಎಂಡ್‌ಮಿಲ್ ಸುತ್ತಿಸಿದ ಬೋರ್ ದುಂಡಗೆ ಬರಲ್ಲ. ಬೋರ್ ಗೇಜ್ ಎರಡು ದಿಕ್ಕಿಗೆ ಹಿಡಿದರೆ ಗೊತ್ತಾಗುತ್ತೆ.

ಹಿರೇಹಳ್ಳಿ_ಮಿಲ್ಲರ್

ಇಬ್ಬರಿಗೂ ಥ್ಯಾಂಕ್ಸ್ ಅಣ್ಣ. ಇನ್ಸ್‌ಯುನಿಟ್ಸ್ ನೋಡಿದೆ, 1 ಅಂತಲೇ ಇತ್ತು. ಎಂಎಂ ಕೊಟ್ಟ ಮೇಲೆ 180 ಬಂತು. ಶಾಪ್‌ನಲ್ಲಿ ಆಟೋಕ್ಯಾಡ್ ಇಲ್ಲ, ಅದಕ್ಕೆ ಗೆರೆಗಳನ್ನು ಫ್ಯೂಷನ್‌ನಲ್ಲೇ ನೋಡಿದೆ. ಆಯತ ಮತ್ತು ಬೋರ್‌ಗಳ ಒಳಗೆ ತಿಳಿನೀಲಿ ಬಣ್ಣ ತುಂಬಿದೆ, ಸ್ಲಾಟ್ ಒಳಗೆ ತುಂಬಿಲ್ಲ. ಸಂದು ಇರೋದು ಅಲ್ಲೇ ಇರಬೇಕು, ಅಲ್ವಾ?

ಸ್ಲಾಟ್‌ನ ಬಗ್ಗಿದ ಭಾಗ ಒಂದು ಆರ್ಕ್ ಆಗಿಲ್ಲ, ತುಂಡು ತುಂಡು ಗೆರೆ ಇದೆ. ಅದರ ಮೂಲೆ ಪ್ರಿಂಟ್‌ನಲ್ಲಿ ಆರ್3 (3 ಎಂಎಂ ರೇಡಿಯಸ್). ನನ್ನ ಹತ್ತಿರ ಇರೋದು 10 ಎಂಎಂ ಕಾರ್ಬೈಡ್ ಎಂಡ್‌ಮಿಲ್ ಒಂದೇ.

ಎಂ8 ಹೋಲ್‌ಗಳನ್ನು ಡ್ರಿಲ್ ಸೈಕಲ್ ಹಿಡಿಯುತ್ತಲೇ ಇಲ್ಲ. ಅದಕ್ಕೂ ಇದೇ ಕಾರಣವಾ?

ಗೌರಿಬಿದನೂರು_ಕ್ಯಾಮ್

ಹೌದು, ಬಣ್ಣ ತುಂಬಿಲ್ಲ ಅಂದರೆ ಪ್ರೊಫೈಲ್ ಮುಚ್ಚಿಲ್ಲ.

ಆ ತುಂಡು ಗೆರೆಗಳನ್ನು ಮಾತ್ರ ಇಟ್ಟುಕೊಳ್ಳಬೇಡಿ. ಯಾವುದೋ ಸಾಫ್ಟ್‌ವೇರ್‌ನಿಂದ ಹೊರಗೆ ತೆಗೆಯುವಾಗ ಸ್ಪ್ಲೈನ್ (ನಯವಾಗಿ ಬಗ್ಗಿದ ಗೆರೆ) ಹೀಗೆ ಪುಡಿಪುಡಿ ಆಗಿರುತ್ತೆ. ಹಳೆಯ ಆರ್12 ಫಾರ್ಮ್ಯಾಟ್‌ನಲ್ಲಿ ಸ್ಪ್ಲೈನ್ ಅನ್ನೋದೇ ಇಲ್ಲ, ಅದರಲ್ಲಿ ಸೇವ್ ಮಾಡಿದರೂ ಇದೇ ಕತೆ. ಅದನ್ನೇ ಮಿಲ್ಲಿಂಗ್‌ಗೆ ಕೊಟ್ಟರೆ ಜಿ2, ಜಿ3 (ಆರ್ಕ್) ಬರಬೇಕಾದ ಕಡೆ ಸಾಲು ಸಾಲು ಜಿ1 (ನೇರ ಗೆರೆ) ಬರುತ್ತೆ, ಹಳೆಯ ಕಂಟ್ರೋಲ್ ಆದರೆ ಮೆಷಿನ್ ತಡವರಿಸುತ್ತಾ ಹೋಗುತ್ತೆ, ಸ್ಲಾಟ್ ಗೋಡೆ ಮೇಲೆ ಪಟ್ಟಿ ಪಟ್ಟಿ ಗುರುತು ಬೀಳುತ್ತೆ. ಆ ಭಾಗ ಅಳಿಸಿ, ಮೂರು ಪಾಯಿಂಟ್ ಆರ್ಕ್ ಹಾಕಿ, ರೇಡಿಯಸ್ ಪ್ರಿಂಟ್‌ನಿಂದ ಕೊಡಿ. ಸಂದೂ ಅದರಲ್ಲೇ ಹೋಗುತ್ತೆ.

ಹೋಲ್‌ಗಳೂ ಹಾಗೇ ಪುಡಿಯಾಗಿರಬೇಕು. ನೋಡೋಕೆ ದುಂಡಗಿದ್ದರೂ ಅದು ಸರ್ಕಲ್ ಅಲ್ಲ, ಡ್ರಿಲ್ ಸೈಕಲ್‌ಗೆ ಸೆಂಟರ್ ಸಿಗಲ್ಲ. ಅದರ ಮೇಲೆ ಹೊಸ ಸರ್ಕಲ್ ಹಾಕಿ, ಎಂ8ಗೆ 6.8 ಡ್ರಿಲ್.

ಆದರೆ ವೇಮಗಲ್ ಅಣ್ಣ ಹೇಳಿದ ಹಾಗೆ ಎಲ್ಲವನ್ನೂ ಹೊಸದಾಗಿ ಬರೆಯಿರಿ ಅಂತ ನಾನು ಹೇಳಲ್ಲ. ಈ ಪ್ಲೇಟ್‌ಗೆ ಸರಿ. ನಾಳೆ ಅದೇ ಪಾರ್ಟಿ ಬ್ಲೇಡ್ ಪ್ರೊಫೈಲ್ ತಂದರೆ ಪ್ರಿಂಟ್ ನೋಡಿ ಬರೆಯೋಕಾಗಲ್ಲ. ಫೈಲ್ ಕ್ಲೀನ್ ಮಾಡೋದು ಈಗಲೇ ಕಲಿತುಕೊಳ್ಳಿ. ಅವರ ಹತ್ತಿರ 3ಡಿ ಮಾಡೆಲ್ ಇದೆಯಾ ಅಂತಲೂ ಕೇಳಿ, ಇದ್ದರೆ ಸ್ಟೆಪ್ ಫೈಲ್ ಕಳಿಸಲಿ. ಎಸ್‌ಟಿಎಲ್ ಕಳಿಸಿದರೆ ಬೇಡ ಅನ್ನಿ, ಅದರಲ್ಲಿ ಇರೋದು ಬರೀ ತ್ರಿಕೋನಗಳು, ಬೋರ್ ಕೂಡ ದುಂಡಗೆ ಇರಲ್ಲ.

ಆರ್3 ಮೂಲೆಯನ್ನು 10 ಎಂಎಂ ಕಟ್ಟರ್ ಮಾಡೋದಿಲ್ಲ, ಆರ್5 ಉಳಿಸಿಬಿಡುತ್ತೆ. 6 ಎಂಎಂ ತಂದರೂ ರೇಡಿಯಸ್ ಸರಿಸಮ ಆಗುತ್ತೆ, ಮೂಲೆಯಲ್ಲಿ ಕಟ್ಟರ್ ಪೂರ್ತಿ ಸಿಕ್ಕಿಕೊಂಡು ಕಿರುಚುತ್ತೆ. 5 ಎಂಎಂ ಬೇಕು, 12 ಎಂಎಂ ಆಳಕ್ಕೆ ಮೆಲ್ಲಗೆ ಇಳಿಸಬೇಕು. ಅದಕ್ಕಿಂತ ಮೊದಲು ಪಾರ್ಟಿಗೆ ಒಂದು ಫೋನ್ ಮಾಡಿ, ‘ಆರ್6 ಮಾಡಿದರೆ ನಡೆಯುತ್ತಾ’ ಅಂತ ಕೇಳಿ. ಸ್ಲಾಟ್‌ನಲ್ಲಿ ಬರೀ ಬೋಲ್ಟ್ ಜರುಗೋದಾದರೆ ಅವರಿಗೆ ಆರ್3 ಬೇಕಾಗಿಯೇ ಇರಲ್ಲ, ಬರೆದವರು ಸುಮ್ನೆ ಹಾಕಿರುತ್ತಾರೆ.

ಲೈಸೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಫ್ಯೂಷನ್ ಪರ್ಸನಲ್ ಅನ್ನೋದು ಕಲಿಯೋಕೆ, ಹವ್ಯಾಸಕ್ಕೆ. ಪಾರ್ಟಿ ಜಾಬ್‌ಗೆ ಬಳಸೋ ಹಾಗಿಲ್ಲ. ಅದರಲ್ಲಿ ಟೂಲ್ ಚೇಂಜ್ ಬರಲ್ಲ, ಒಂದೊಂದು ಟೂಲ್‌ಗೆ ಒಂದೊಂದು ಫೈಲ್ ಪೋಸ್ಟ್ ಮಾಡಬೇಕು (ಮೆಷಿನ್ ಪ್ರೋಗ್ರಾಂ ಆಗಿ ಹೊರಗೆ ತೆಗೆಯಬೇಕು). ರ್ಯಾಪಿಡ್ (ಕಟ್ ಇಲ್ಲದ ವೇಗದ ಓಟ) ಕೂಡ ಜಿ0 ಬದಲು ಫೀಡ್‌ನಲ್ಲೇ ಬರುತ್ತೆ. ಓನರ್‌ಗೆ ಹೇಳಿ ಲೈಸೆನ್ಸ್ ಕೊಡಿಸಿಕೊಳ್ಳಿ. ಆಗದಿದ್ದರೆ ಫ್ರೀಕ್ಯಾಡ್ ಇದೆ, 2024ರ ನವೆಂಬರ್‌ನಲ್ಲಿ 1.0 ಬಂತು, ಮೊದಲು ಪಾತ್ ಅಂತ ಇದ್ದ ವರ್ಕ್‌ಬೆಂಚ್ ಈಗ ಕ್ಯಾಮ್ ಅಂತಲೇ ಇದೆ. ಒರಟು ಅನ್ನಿಸುತ್ತೆ, ಆದರೆ ಲೈಸೆನ್ಸ್ ಅಂತ ಯಾರೂ ಕೇಳೋರಿಲ್ಲ.

ವೇಮಗಲ್_ಹಳೇಕೈ

ಗೌರಿಬಿದನೂರು ಮೇಡಂ ಹೇಳಿದ್ದು ಸರಿ, ಬ್ಲೇಡ್ ಪ್ರೊಫೈಲ್ ಬಂದರೆ ನನಗೂ ಇಂಪೋರ್ಟೇ ಗತಿ. ಅಡಿಕೆ ಮೆಷಿನ್ ಪ್ಲೇಟ್‌ಗೆ ಮಾತ್ರ ನನ್ನ ಮಾತು ಬದಲಾಗಲ್ಲ.

ಹಿರೇಹಳ್ಳಿ_ಮಿಲ್ಲರ್

ಪಾರ್ಟಿಗೆ ಫೋನ್ ಮಾಡಿದೆ. ಆರ್6 ಓಕೆ ಅಂದರು, ಸ್ಲಾಟ್ ಇರೋದು ಬೆಲ್ಟ್ ಟೈಟ್ ಮಾಡೋ ಬೋಲ್ಟ್‌ಗಂತೆ. ಬೋರ್ ಸೆಂಟರ್ ಅಳೆದೆ, ಪ್ರಿಂಟ್‌ಗೆ ಸರಿಯಾಗಿದೆ. ಸದ್ಯಕ್ಕೆ ಅಲ್ಯೂಮಿನಿಯಂ ಸ್ಕ್ರ್ಯಾಪ್ ಮೇಲೆ ಕಲಿಯೋಕೆ ಓಡಿಸಿ ನೋಡುತ್ತೇನೆ. ಆಮೇಲೆ ಎಂಎಸ್‌ಗೆ 10 ಎಂಎಂ ಕಾರ್ಬೈಡ್ ಎಷ್ಟು ಆರ್‌ಪಿಎಂ ಇಡಲಿ? ಪೋಸ್ಟ್ ಆದ ಪ್ರೋಗ್ರಾಂನಲ್ಲಿ ಏನು ನೋಡಬೇಕು?

ಅಂತರಸನಹಳ್ಳಿ_ಸೆಟ್ಟರ್

ಕಟಿಂಗ್ ಸ್ಪೀಡ್ ನಿಮಿಷಕ್ಕೆ 80 ಮೀಟರ್ ಹಿಡಿದರೆ 2550 ಆರ್‌ಪಿಎಂ ಹತ್ತಿರ ಬರುತ್ತೆ. ನಾಲ್ಕು ಫ್ಲೂಟ್, ಹಲ್ಲಿಗೆ 0.04 ಅಂದರೆ ಫೀಡ್ ನಿಮಿಷಕ್ಕೆ ಸುಮಾರು 400 ಎಂಎಂ. ಸೆಕೆಂಡ್ ಹ್ಯಾಂಡ್ ಮೆಷಿನ್, ಮೊದಲ ಪ್ಲೇಟ್‌ಗೆ ಫೀಡ್ ಓವರ್‌ರೈಡ್ 50 ಪರ್ಸೆಂಟ್‌ನಲ್ಲಿ ಇಟ್ಟು ಶುರು ಮಾಡಿ, ಶಬ್ದ ಕೇಳಿಕೊಂಡು ಏರಿಸಿ.

ಪ್ರೋಗ್ರಾಂನ ಮೇಲಿನ ಸಾಲುಗಳಲ್ಲಿ ಜಿ21 ಇದೆಯಾ ನೋಡಿ, ಜಿ20 ಇದ್ದರೆ ಇಂಚು, ಮತ್ತೆ ಮೊದಲಿನ ಕತೆಯೇ. ಜಿ54 ಇರಬೇಕು. ಟೂಲ್ ನಂಬರ್ ಮತ್ತು ಎಚ್ (ಟೂಲ್ ಉದ್ದದ) ನಂಬರ್ ಒಂದೇ ಇರಬೇಕು. ಕೈಯಲ್ಲಿ ಏನಾದರೂ ತಿದ್ದಿದರೆ ಚುಕ್ಕೆ ಮರೆಯಬೇಡಿ. ತುಂಬಾ ಫ್ಯಾನಕ್ ಮೆಷಿನ್‌ಗಳಲ್ಲಿ ಎಕ್ಸ್50 ಅಂತ ಚುಕ್ಕೆ ಇಲ್ಲದೆ ಬರೆದರೆ ಅದು 50 ಮೈಕ್ರಾನ್ ಅಂತ ಓದಿಕೊಳ್ಳುತ್ತೆ.

ಆಮೇಲೆ ಜಿ54ರ ಜ಼ೆಡ್ 50 ಎಂಎಂ ಮೇಲಕ್ಕೆ ಎತ್ತಿ, ಸಿಂಗಲ್ ಬ್ಲಾಕ್‌ನಲ್ಲಿ ಗಾಳಿಯಲ್ಲೇ ಒಂದು ಸಲ ಓಡಿಸಿ. ಸ್ಲಾಟ್ ಆರ್‌ಪಾರ್ ಅಲ್ವಾ, ಪ್ಲೇಟ್ ಕೆಳಗೆ ಪ್ಯಾರಲಲ್ (ಆನಿಸಲು ಇಟ್ಟ ಪಟ್ಟಿ) ಎಲ್ಲಿ ಕೂತಿದೆ ಅಂತ ನೋಡಿಕೊಂಡಿರಿ, ಕಟ್ಟರ್ ನೇರ ಅದರ ಮೇಲೇ ಇಳಿದೀತು. ಮೊದಲ ಹತ್ತು ಸಾಲು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.