‘ಅಲಿಯಾಸ್’ಗೆ ಯಾನೆ, ಉರುಫ್: ಯಾವುದು ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳೇ ದಾಖಲೆಗಳಲ್ಲಿ ವಂಶಾವಳಿ ಹುಡುಕುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಒಬ್ಬರಿಗೇ ಒಂದು ಕಾಗದದಲ್ಲಿ ಒಂದು ಮನೆತನದ ಹೆಸರು, ಇನ್ನೊಂದರಲ್ಲಿ ಬೇರೆಯದು ಸಿಗುವುದು ಮಾಮೂಲು. ‘ಅಲಿಯಾಸ್’ ಪದವಂತೂ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ಕನ್ನಡಕ್ಕೆ ಹಾಗೇ ತರಲು ನನಗೆ ಮನಸ್ಸಿಲ್ಲ. ಪೇಪರಿನ ಅಪರಾಧ ಸುದ್ದಿಗಳಲ್ಲಿ ಓದಿ ಓದಿ, ‘ಅಲಿಯಾಸ್’ ಅಂದ ಕೂಡಲೇ ನಮಗೆ ಪೊಲೀಸ್ ಠಾಣೆ ನೆನಪಾಗುತ್ತದೆ, ಅಲ್ವಾ?

ಮೂಲದಲ್ಲಿ ಅದಕ್ಕೆ ಅಂಥ ಕಳಂಕ ಏನೂ ಇಲ್ಲ. ಅದು ಲ್ಯಾಟಿನ್ ಪದ, ‘ಬೇರೆ ರೀತಿಯಲ್ಲಿ’ ಎಂದು ಅರ್ಥ. 16, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥ ರೈತರೂ ಶ್ರೀಮಂತರೂ ಎರಡು ಮನೆತನದ ಹೆಸರನ್ನು ಒಟ್ಟಿಗೇ ಇಟ್ಟುಕೊಳ್ಳುತ್ತಿದ್ದರು. ತಾಯಿ ಮರುಮದುವೆಯಾದರೆ ಮಕ್ಕಳಿಗೆ ಮಲತಂದೆಯ ಹೆಸರೂ ಸೇರುತ್ತಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯ ಹೆಸರಿನ ಜೊತೆ ತಂದೆಯದೂ ಬರುವುದಿತ್ತು. ಇನ್ನು ಜಮೀನಿನ ವಿಷಯ. ಜಮೀನ್ದಾರರ ಕೋರ್ಟಿನ ಪುಸ್ತಕದಲ್ಲಿ ಗೇಣಿ ಯಾವ ಹೆಸರಿನಲ್ಲಿದೆಯೋ ಆ ಹೆಸರು ಬಿಟ್ಟರೆ ಹಕ್ಕು ತೋರಿಸುವುದು ಕಷ್ಟ. ಹಾಗಾಗಿ ಹಳೇ ಹೆಸರನ್ನೂ ಮೊಮ್ಮಕ್ಕಳ ಕಾಲದವರೆಗೆ ಹಿಡಿದುಕೊಂಡಿರುತ್ತಿದ್ದರು.

ದೊಡ್ಡವರಲ್ಲೂ ಇದು ಇತ್ತು. 1538ರಲ್ಲಿ ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕು ಎಂದು ಆಜ್ಞೆ ಮಾಡಿದವನು ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್. ಅವನ ಅಕ್ಕತಂಗಿಯರಲ್ಲಿ ಒಬ್ಬಳು ಮಾರ್ಗನ್ ವಿಲಿಯಮ್ಸ್ ಎಂಬವನನ್ನು ಮದುವೆಯಾಗಿದ್ದಳು. ಅವರ ಮಗ ರಿಚರ್ಡ್ ಸೋದರಮಾವನ ಹೆಸರನ್ನೇ ತೆಗೆದುಕೊಂಡ. ಆ ರಿಚರ್ಡನ ಮರಿಮಗನೇ ಮುಂದೆ ಇಂಗ್ಲೆಂಡನ್ನು ಆಳಿದ ಆಲಿವರ್ ಕ್ರಾಮ್‌ವೆಲ್. ಆಸ್ತಿಪತ್ರಗಳಲ್ಲಿ ಅವನು ‘ಕ್ರಾಮ್‌ವೆಲ್ ಅಲಿಯಾಸ್ ವಿಲಿಯಮ್ಸ್’.

ಆದರೆ ನನ್ನನ್ನು ಜಾಸ್ತಿ ಕಾಡುತ್ತಿರುವುದು ಶೇಕ್ಸ್‌ಪಿಯರನ ಹೆಂಡತಿಯ ಹೆಸರು. 1582ರ ನವೆಂಬರ್ 27ರಂದು ವೂಸ್ಟರ್ ಬಿಷಪ್ಪರ ಪುಸ್ತಕದಲ್ಲಿ ಮದುವೆಯ ಪರವಾನಗಿ ನಮೂದಾಗಿದೆ. ಹುಡುಗಿಯ ಹೆಸರು ಆನ್ ವೇಟ್ಲಿ, ಊರು ಟೆಂಪಲ್ ಗ್ರಾಫ್ಟನ್. ಮಾರನೇ ದಿನವೇ, ಮದುವೆಗೆ ಅಡ್ಡಿಯಿಲ್ಲ ಎಂದು ಭರವಸೆ ಕೊಡುವ 40 ಪೌಂಡಿನ ಜಾಮೀನುಪತ್ರ ಆಗಿದೆ. ಅದರಲ್ಲಿ ಆನ್ ಹ್ಯಾಥ್ವೆ, ಸ್ಟ್ರಾಟ್‌ಫರ್ಡಿನವಳು. ಹುಡುಗನ ಹೆಸರೂ ಒಂದರಲ್ಲಿ ಶಾಕ್ಸ್‌ಪೆರೆ, ಇನ್ನೊಂದರಲ್ಲಿ ಶಾಗ್‌ಸ್ಪೆರೆ. ಇಬ್ಬರು ಹುಡುಗಿಯರಿದ್ದರು ಎಂದು ಕಥೆ ಕಟ್ಟಿದವರೂ ಉಂಟು.

ಅಷ್ಟು ದೂರ ಹೋಗಬೇಕಿಲ್ಲ. ಅದೇ 27ರಂದು ಅದೇ ಕಚೇರಿಯಲ್ಲಿ ವಿಲಿಯಂ ವೇಟ್ಲಿ ಎಂಬ ಪಾದ್ರಿಯ ಚರ್ಚು ತೆರಿಗೆಯ ತಕರಾರು ನಡೆದಿತ್ತು. ಗುಮಾಸ್ತನ ಕೈಗೆ ಆ ಹೆಸರು ಬಂದುಬಿಟ್ಟಿದೆ ಅನ್ನುವುದೇ ನನಗೆ ಒಪ್ಪುವ ಮಾತು. ಆ ಪುಸ್ತಕದಲ್ಲಿ ಬಾರ್ಬರ್ ಬೇಕರ್ ಆಗಿರುವುದು, ಬ್ರಾಡ್ಲಿ ಡಾರ್ಬಿ ಆಗಿರುವುದು ಬೇರೆ ಕಡೆಯೂ ಇದೆ. ಜಾಮೀನುಪತ್ರಕ್ಕೆ ನಿಂತ ಇಬ್ಬರೂ ಸ್ಟ್ರಾಟ್‌ಫರ್ಡ್ ಪಕ್ಕದ ಷಾಟರಿ ಊರಿನ ರೈತರು. ಅವರಲ್ಲಿ ಫುಲ್ಕ್ ಸ್ಯಾಂಡೆಲ್ಸ್ ಎಂಬವನ ಹೆಸರು ಅದೇ ಊರಿನ ರಿಚರ್ಡ್ ಹ್ಯಾಥವೇಯ 1581ರ ಉಯಿಲಿನಲ್ಲೂ ಇದೆ. ಆ ಉಯಿಲಿನಲ್ಲಿ ಮಗಳು ‘ಆಗ್ನೆಸ್’. ಆಗ ಆನ್, ಆಗ್ನೆಸ್ ಎರಡೂ ಒಂದೇ ಹೆಸರಿನಂತೆ ಬಳಕೆಯಲ್ಲಿದ್ದವು. ಮುಂದೆ 1601ರಲ್ಲಿ ಹ್ಯಾಥವೇ ಮನೆಯ ಕುರಿ ಕಾಯುತ್ತಿದ್ದ ಥಾಮಸ್ ವಿಟಿಂಗ್ಟನ್ ಬರೆದ ಉಯಿಲು ಸಿಗುತ್ತದೆ. ಸ್ಟ್ರಾಟ್‌ಫರ್ಡಿನ ಬಡವರಿಗೆ ಅವನು 40 ಷಿಲ್ಲಿಂಗ್ ಬಿಟ್ಟಿದ್ದಾನೆ. ಆ ಹಣ ಶೇಕ್ಸ್‌ಪಿಯರನ ಹೆಂಡತಿ ಆನ್ ಕೈಯಲ್ಲಿದೆ ಎಂದು ಬರೆಸಿದ್ದಾನೆ. ಹೆಸರಿಗಿಂತ ಹೆಸರಿನ ಸುತ್ತ ಇರುವ ಜನ ಯಾರು, ಊರು ಯಾವುದು ಅಂತ ನೋಡಿದರೆ ಗಂಟು ಬಿಚ್ಚುವುದು ಹೀಗೆ.

ಇಷ್ಟರ ಮೇಲೆ, ಅದೇ ರಿಚರ್ಡ್ ಹ್ಯಾಥವೇ ಕೆಲವು ದಾಖಲೆಗಳಲ್ಲಿ ‘ಹ್ಯಾಥವೇ ಅಲಿಯಾಸ್ ಗಾರ್ಡ್ನರ್’.

ನನ್ನ ಪ್ರಶ್ನೆ ಇರುವುದು ಇಲ್ಲೇ. ಹ್ಯಾಥ್ವೆ–ಹ್ಯಾಥವೇ ಸುಮ್ನೆ ಕಾಗುಣಿತದ ವ್ಯತ್ಯಾಸ. ವೇಟ್ಲಿ ಬರೆದವನ ತಪ್ಪು. ಗಾರ್ಡ್ನರ್ ಮಾತ್ರ ನಿಜವಾದ ಎರಡನೇ ಹೆಸರು. ಈ ಮೂರನ್ನೂ ‘ಇನ್ನೊಂದು ಹೆಸರು’ ಎಂದು ಬರೆದರೆ ಓದುವವರಿಗೆ ಮೋಸ ಮಾಡಿದ ಹಾಗೆ.

ಗಾರ್ಡ್ನರ್ ತರಹದ್ದಕ್ಕೆ ನನ್ನ ಒಲವು ‘ಯಾನೆ’ ಕಡೆಗೆ. ಕರಾವಳಿಯ ಕಾಗದಪತ್ರಗಳಲ್ಲಿ, ಆಮಂತ್ರಣಗಳಲ್ಲಿ ಕೂಡ ‘ಯಾನೆ’ ಸಲೀಸಾಗಿ ಬರುತ್ತದೆ, ಯಾರಿಗೂ ಅವಮಾನ ಅನಿಸುವುದಿಲ್ಲ. ‘ಅಂದರೆ’ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಉತ್ತರ ಕರ್ನಾಟಕದವರಿಗೆ ‘ಉರುಫ್’ ಹೆಚ್ಚು ಹತ್ತಿರ. ಆದರೆ ಒಂದು ತೊಡಕಿದೆ. ನಾವು ‘ಯಾನೆ’ ಹಾಕುವುದು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಎರಡು ಹೆಸರುಗಳ ನಡುವೆ. ತಂದೆಯಿಂದ ಮಗನಿಗೆ ಇಳಿದು ಬರುವ ಎರಡು ಮನೆತನದ ಹೆಸರಿಗೆ ಅದು ನಡೆಯುತ್ತದೆಯೇ?

‘ಮನೆತನದ ಹೆಸರು’ ಎಂದು ಬರೆಯುತ್ತಿರುವುದಕ್ಕೂ ಕಾರಣ ಹೇಳಬೇಕು. ಧಾರವಾಡದ ಕಡೆ ‘ಅಡ್ಡಹೆಸರು’ ಅಂದರೆ ಇದೇ. ಮೈಸೂರು ಕಡೆ ಅಡ್ಡಹೆಸರು ಅಂದರೆ ಗೆಳೆಯರು ಇಟ್ಟ ತಮಾಷೆ ಹೆಸರು. ‘ಹ್ಯಾಥವೇ ಎಂಬುದು ಅವಳ ಅಡ್ಡಹೆಸರು’ ಎಂದು ಬರೆದರೆ ಅರ್ಧ ಕರ್ನಾಟಕ ತಪ್ಪು ತಿಳಿಯುತ್ತದೆ.

ನಿಮ್ಮ ಮನೆಯ ಹಳೇ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಎರಡು ಮನೆತನದ ಹೆಸರು ಜೊತೆಯಾಗಿ ಬಂದಿದ್ದರೆ ನಡುವೆ ಯಾವ ಪದ ಇದೆ ಎಂದು ದಯವಿಟ್ಟು ನೋಡಿ ತಿಳಿಸಿ. ಯಾವ ಜಿಲ್ಲೆಯದು, ಯಾವ ಕಾಲದ್ದು ಎಂದೂ ಬರೆದರೆ ಉಪಕಾರ. ಕಾಗುಣಿತ ಬದಲಾದ ಹೆಸರಿಗೆ ‘ಪಾಠಾಂತರ’ ಎಂದು ಗೆಳೆಯರೊಬ್ಬರು ಸೂಚಿಸಿದ್ದಾರೆ. ಅದು ಕಾವ್ಯದ ಓಲೆಗರಿಗೆ ಸರಿ, ಚರ್ಚಿನ ಪುಸ್ತಕಕ್ಕೆ ಭಾರವಾಯಿತು ಅನಿಸುತ್ತದೆ. ಹಗುರಾದ ಮಾತು ಯಾರಿಗಾದರೂ ಹೊಳೆಯುತ್ತದೆಯೇ?