‘ಹೃದಯ ವೈಫಲ್ಯ’ಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹೃದಯದ ಕಾಯಿಲೆಗಳ ಬಗ್ಗೆ ರೋಗಿಗಳ ಕೈಗೆ ಕೊಡುವಂಥ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಓದುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತವರು, ಇಲ್ಲವೇ ಅವರ ಜೊತೆ ಬಂದ ಮಗನೋ ಸೊಸೆಯೋ. ಉಳಿದದ್ದು ಹೇಗೋ ನಡೆಯುತ್ತಿದೆ, ‘ಹೃದಯ ವೈಫಲ್ಯ’ದ ಹತ್ತಿರ ಬಂದು ನಿಂತುಬಿಟ್ಟಿದೆ.

ಬೆಳೆ ವೈಫಲ್ಯ ಅಂದರೆ ಕೈಗೆ ಏನೂ ಬರಲಿಲ್ಲ ಅಂತ ತಾನೆ? ಹಾಗೇ ಹೃದಯ ವೈಫಲ್ಯ ಅಂದ ಕೂಡಲೇ ಎದುರಿಗಿರುವವರು ‘ಮುಗೀತು’ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಹೃದಯ ನಿಂತಿರುವುದಿಲ್ಲ. ಮೈಗೆ ಬೇಕಾದಷ್ಟು ರಕ್ತ ಕಳಿಸಲು ಅದಕ್ಕೆ ಆಗುತ್ತಿರುವುದಿಲ್ಲ, ಅಷ್ಟೆ. ಅದರಿಂದ ಕಾಲು ಊದುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ. ಮಾತ್ರೆ ತಪ್ಪಿಸದೆ, ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ತೂಕ ನೋಡಿಕೊಂಡು ವರ್ಷಗಟ್ಟಲೆ ಚೆನ್ನಾಗಿ ಇರುವವರಿದ್ದಾರೆ. ಎರಡು ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೆ ಅದು ಊಟದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು, ತಕ್ಷಣ ಡಾಕ್ಟರಿಗೆ ಹೇಳಬೇಕು. ಇದನ್ನೆಲ್ಲ ಮಾಡಿ ಅಂತ ಹೇಳುವ ಪುಟಕ್ಕೆ ‘ವೈಫಲ್ಯ’ ಅಂತ ತಲೆಬರಹ ಕೊಟ್ಟರೆ ಯಾರು ಮುಂದೆ ಓದುತ್ತಾರೆ ಹೇಳಿ.

ಜನರೇ ಮಾಡಿಕೊಂಡ ಮಾತು ಒಂದಿದೆ, ‘ಪಂಪಿಂಗ್ ಕಮ್ಮಿ ಆಗಿದೆ’. ನನಗೆ ಇದು ಇಷ್ಟ. ನಿಂತಿಲ್ಲ, ಕಮ್ಮಿಯಾಗಿದೆ ಅನ್ನುವುದು ಅದರಲ್ಲೇ ಇದೆ. ತೊಡಕು ಏನೆಂದರೆ, ಈ ಕಾಯಿಲೆ ಇರುವ ಎಷ್ಟೋ ಜನರ ಪಂಪಿಂಗ್ ಸರಿಯಾಗಿಯೇ ಇರುತ್ತದೆ. ಅವರಲ್ಲಿ ಹೃದಯದ ಗೋಡೆ ಬಿಗಿಯಾಗಿ, ರಕ್ತ ಒಳಗೆ ತುಂಬಿಕೊಳ್ಳುವುದೇ ಕಷ್ಟವಾಗಿರುತ್ತದೆ. ವಯಸ್ಸಾದವರಲ್ಲಿ, ಬಹಳ ಕಾಲದಿಂದ ಬಿಪಿ ಶುಗರ್ ಇರುವವರಲ್ಲಿ ಇದು ಜಾಸ್ತಿ. ಅವರಿಗೆ ‘ಪಂಪಿಂಗ್ ಕಮ್ಮಿ’ ಅಂದರೆ ಸುಳ್ಳಾಗುತ್ತದೆ. ‘ಹೃದಯದ ನಿಶ್ಶಕ್ತಿ’ ಅಂತ ಬರೆದು ನೋಡಿದೆ, ಟಾನಿಕ್ ಕುಡಿದರೆ ಹೋಗುತ್ತೆ ಅನ್ನುವ ಹಾಗೆ ಕೇಳಿಸುತ್ತದೆ!

ಪಂಪಿಂಗ್ ಮಾತು ಬಂದಾಗ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನ ‘ಇಎಫ್ 60%’ ಬಗ್ಗೆಯೂ ಹೇಳಬೇಕು. ಇಎಫ್ ಅಂದರೆ ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. ಶಾಲೆಯ ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಓದಿ ‘ನೂರಕ್ಕೆ ಅರವತ್ತೇ ಕೆಲಸ ಮಾಡ್ತಿದೆ’ ಅಂತ ಮನೆಯವರೆಲ್ಲ ಕಂಗಾಲಾಗುತ್ತಾರೆ. ಆರೋಗ್ಯವಂತರ ಹೃದಯ ಕೂಡ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತವನ್ನೆಲ್ಲ ಖಾಲಿ ಮಾಡುವುದಿಲ್ಲ, ಸುಮಾರು 55ರಿಂದ 70 ಭಾಗ ಹೊರಗೆ ತಳ್ಳುತ್ತದೆ. ಅಂದರೆ 60 ಒಳ್ಳೆಯ ಅಂಕಿ. 40ಕ್ಕಿಂತ ಕೆಳಗೆ ಬಂದರೆ ಆಗ ನಿಜವಾಗಿ ಕಡಿಮೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಪರೀಕ್ಷೆಯ ‘ಪಾಸಿಟಿವ್’ದೂ ಇದೇ ಕತೆ. ಪಾಸಿಟಿವ್ ಬಂದರೆ ಒಳ್ಳೆಯದಲ್ಲ ಅನ್ನುವುದು ಕೋವಿಡ್ ಬಂದ ಮೇಲೆ ಎಲ್ಲರಿಗೂ ಗೊತ್ತಾಗಿದೆ, ಆದರೆ ಟಿಎಂಟಿ ಪಾಸಿಟಿವ್ ಅಂದರೆ ಬ್ಲಾಕ್ ಇದ್ದೇ ಇದೆ ಅಂತಲೂ ಅಲ್ಲ. ಅನುಮಾನ ಇದೆ, ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ.

ಇನ್ನು ಹೃದಯಾಘಾತ, ಹೃದಯ ಸ್ತಂಭನ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಟೀವಿಯಲ್ಲಿ, ಪತ್ರಿಕೆಗಳಲ್ಲಿ ಈ ಎರಡೂ ಪದ ಒಂದರ ಬದಲು ಇನ್ನೊಂದು ಅನ್ನುವ ಹಾಗೆ ಓಡಾಡಿದವು. ಸುದ್ದಿ ಓದುವವರಿಗೆ ವ್ಯತ್ಯಾಸ ಇಲ್ಲದಿರಬಹುದು. ಪಕ್ಕದಲ್ಲಿ ಇರುವವರಿಗೆ ಇದೆ. ಆಘಾತ ಆದವರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ, ಹೆಚ್ಚಿನವರಿಗೆ ಎಚ್ಚರ ಇರುತ್ತದೆ, ಮಾತಾಡುತ್ತಾರೆ, ಬೆವರುತ್ತಾರೆ. ಅವರನ್ನು ನಡೆಸದೆ, ಗಾಡಿ ಓಡಿಸಲು ಬಿಡದೆ, 108ಕ್ಕೆ ಕರೆ ಮಾಡಿ ಇಸಿಜಿ ಇರುವ ಆಸ್ಪತ್ರೆಗೆ ಸೇರಿಸಬೇಕು. ಸ್ತಂಭನ ಆದವರು ಕುಸಿದು ಬೀಳುತ್ತಾರೆ, ಕರೆದರೆ ಓಗೊಡುವುದಿಲ್ಲ, ಉಸಿರಾಟ ಸರಿಯಾಗಿ ಇರುವುದಿಲ್ಲ. 108ಕ್ಕೆ ಒಬ್ಬರು ಫೋನ್ ಮಾಡುತ್ತಿದ್ದ ಹಾಗೇ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಬೇಕು. ಆಘಾತದಿಂದ ಸ್ತಂಭನ ಆಗಬಹುದು, ಆದರೆ ಆಘಾತ ಆದವರಿಗೆಲ್ಲ ಸ್ತಂಭನ ಆಗುವುದಿಲ್ಲ. ಇದರ ಮಧ್ಯೆ ಹಳ್ಳಿ ಕಡೆ ‘ಹಾರ್ಟ್ ಸ್ಟ್ರೋಕ್’ ಅಂತ ಬೇರೆ ಹೇಳುತ್ತಾರೆ. ಮೆದುಳಿಗೆ ಆಯ್ತಾ, ಹೃದಯಕ್ಕೆ ಆಯ್ತಾ ಅಂತ ಕೇಳಿ ತಿಳಿಯಬೇಕು.

ಹೃದಯಾಘಾತಕ್ಕೆ ಕೊಡುವ ಇಂಜೆಕ್ಷನ್ನಿಗೆ ‘ರಕ್ತಗಡ್ಡೆ ಕರಗಿಸುವುದು’ ಅಂತ ಕೆಲವು ಕಡೆ ಬರೆದಿರುತ್ತಾರೆ. ದಯವಿಟ್ಟು ಗಡ್ಡೆ ಬೇಡ, ಜನ ಕ್ಯಾನ್ಸರ್ ಅಂದುಕೊಳ್ಳುತ್ತಾರೆ. ‘ಹೆಪ್ಪು ಕರಗಿಸುವ ಇಂಜೆಕ್ಷನ್’ ಅಂದರೆ ಮೊಸರು ಮಾಡುವ ಯಾರಿಗಾದರೂ ತಿಳಿಯುತ್ತದೆ. ಪುನೀತ್ ಹೆಸರಲ್ಲೇ ಇರುವ ಹೃದಯ ಜ್ಯೋತಿ ಯೋಜನೆಯಲ್ಲಿ ಇಂಥ ದುಬಾರಿ ಇಂಜೆಕ್ಷನ್ನನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ, ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೇಳುತ್ತಾರೆ. ಅದನ್ನೂ ಪುಸ್ತಿಕೆಗೆ ಸೇರಿಸಿದ್ದೇನೆ.

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ಪದ ‘ಗ್ಯಾಸ್ಟ್ರಿಕ್’. ಇಂಗ್ಲಿಷಿನಲ್ಲಿ ಬರೀ ಹೊಟ್ಟೆಗೆ ಸಂಬಂಧಿಸಿದ್ದು ಅಂತ ಇದ್ದದ್ದು ನಮ್ಮಲ್ಲಿ ಒಂದು ಕಾಯಿಲೆಯೇ ಆಗಿಬಿಟ್ಟಿದೆ. ಎದೆ ಉರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನಿನ ಚಳುಕು ಎಲ್ಲಕ್ಕೂ ಅದೇ ಹೆಸರು, ಎಲ್ಲಕ್ಕೂ ಒಂದು ಸೋಡಾ ಇಲ್ಲ ಒಂದು ಮಾತ್ರೆ. ಹೃದಯಾಘಾತದ ನೋವು ಹೊಟ್ಟೆಯ ಮೇಲ್ಭಾಗದಲ್ಲಿ, ದವಡೆಯಲ್ಲಿ, ಎಡತೋಳಿನಲ್ಲಿ, ಬೆನ್ನಲ್ಲಿ ಕಾಣಿಸಬಹುದು. ಶುಗರ್ ಇರುವವರಿಗೆ, ಹೆಂಗಸರಿಗೆ ಎಷ್ಟೋ ಸಲ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರು. ಮೊದಲ ಇಸಿಜಿ ‘ನಾರ್ಮಲ್’ ಬಂದರೂ ಕೆಲವರಲ್ಲಿ ಆಘಾತ ಆಗುತ್ತಿರಬಹುದು. ಅದಕ್ಕೇ ಮತ್ತೆ ಇಸಿಜಿ ಮಾಡುತ್ತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡುತ್ತಾರೆ. ದುಡ್ಡು ಮಾಡೋಕೆ ಅಂತ ಜಗಳ ಆಡಿ ಎದ್ದು ಹೋಗಬೇಡಿ ಅಂತ ಬರೆಯಬೇಕು ಅಂತಿದ್ದೇನೆ. ಇಷ್ಟು ನೇರವಾಗಿ ಬರೆಯಬಹುದಾ?

‘ಆಂಜಿಯೋ ಮಾಡಿಸಿದ್ದೀವಿ’ ಅನ್ನುವುದು ಇನ್ನೊಂದು. ಆಂಜಿಯೋಗ್ರಾಂ ಅಂದರೆ ನಾಳದ ಒಳಗೆ ನೋಡುವುದು, ಆಂಜಿಯೋಪ್ಲಾಸ್ಟಿ ಅಂದರೆ ಬ್ಲಾಕ್ ಅಗಲಿಸಿ, ಸಾಮಾನ್ಯವಾಗಿ ಸ್ಟೆಂಟ್ ಹಾಕುವುದು. ಬಾಯಲ್ಲಿ ಎರಡೂ ಆಂಜಿಯೋ. ಸ್ಟೆಂಟ್ ಹಾಕಿದವರು ಹೃದಯದ ಡಾಕ್ಟರನ್ನು ಕೇಳದೆ, ಹಲ್ಲು ಕೀಳಿಸೋಕೆ ಅಂತಲೂ, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬಾರದು, ಹಾಗಾಗಿ ಯಾವುದು ಮಾಡಿದ್ದು ಅಂತ ಗೊತ್ತಿರಲೇಬೇಕು. ‘ಸ್ಪ್ರಿಂಗ್ ಹಾಕಿದ್ರಾ?’ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ ಅಂತ ಕೇಳಿದ್ದೇನೆ. ಜನ ‘ಸ್ಟಂಟ್’ ಅನ್ನುವುದನ್ನು ತಿದ್ದಲು ಹೋಗುವುದಿಲ್ಲ.

ತಡೆಯುವ ಭಾಗದಲ್ಲಿ ಪದದ ತೊಂದರೆ ಕಮ್ಮಿ. ‘ತಂಬಾಕು’ ಅಂದರೆ ಬೀಡಿ ಸಿಗರೇಟು ಅಷ್ಟೇ ಅಂದುಕೊಳ್ಳುತ್ತಾರೆ, ಅದಕ್ಕೆ ಕಡ್ಡಿಪುಡಿ, ಗುಟ್ಕಾ ಅಂತ ಬಿಡಿಸಿ ಬರೆದೆ. ದಿನಕ್ಕೆ ಉಪ್ಪು ಒಟ್ಟು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ, ಹಪ್ಪಳ ಉಪ್ಪಿನಕಾಯಿ ಎಲ್ಲ ಸೇರಿ. ‘ಬಿಪಿ ನಾರ್ಮಲ್ ಬಂತು’ ಅಂತ ಮಾತ್ರೆ ಬಿಡುವವರಿಗೆ, ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದ್ದು ಅಂತ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.

ಕೊನೆಗೆ ಏದುಸಿರು. ಉತ್ತರ ಕರ್ನಾಟಕದ ಕಡೆ ‘ದಮ್ಮು’ ಅಂತಾರೆ, ನಮ್ಮ ಕಡೆ ‘ಉಬ್ಬಸ’. ಎರಡೂ ಆಸ್ತಮಾಕ್ಕೂ ನಡೆಯುತ್ತವೆ, ಹೃದಯದಿಂದ ಬರುವ ಏದುಸಿರಿಗೂ ನಡೆಯುತ್ತವೆ. ಮಲಗಿದಾಗ ಜಾಸ್ತಿಯಾಗಿ, ಎದ್ದು ಕೂತರೆ ಕಮ್ಮಿಯಾಗುವ ಏದುಸಿರಿಗೆ ಅಂತಲೇ ಬೇರೆ ಮಾತು ನಿಮ್ಮ ಮನೆಗಳಲ್ಲಿ ಇದೆಯಾ? ಕರಾವಳಿಯವರು, ಕೊಳ್ಳೇಗಾಲ ಚಾಮರಾಜನಗರದ ಕಡೆಯವರು, ಬೀದರ್ ಕಲಬುರಗಿಯವರು ದಯವಿಟ್ಟು ಬರೆಯಿರಿ. ನಿಘಂಟಿನ ಪದ ಬೇಡ, ಅಜ್ಜಿ ಹೇಳುತ್ತಿದ್ದ ಮಾತಾದರೆ ಒಳ್ಳೆಯದು.