ನಾಯಿಯ ಹಲ್ಲಿನಲ್ಲಿ ಕಂದು ಪದರ, ಮನೆಯಲ್ಲೇ ತಿಕ್ಕಬಹುದಾ?

ಗಣೇಶ, ಪೆರ್ಲ:
ನಮ್ಮ ಕಾಳುವಿಗೆ ಆರು ವರ್ಷ. ಹತ್ತಿರ ಬಂದರೆ ಬಾಯಿ ವಾಸನೆ ತಡೆಯಲಿಕ್ಕಾಗುವುದಿಲ್ಲ. ಮೇಲಿನ ದವಡೆಹಲ್ಲಿನಲ್ಲಿ ಕಂದು ಬಣ್ಣದ ಗಟ್ಟಿ ಪದರ ಕೂತಿದೆ. ಉಮಿಕರಿಗೆ ಉಪ್ಪು ಸೇರಿಸಿ ತಿಕ್ಕು, ಇಲ್ಲದಿದ್ದರೆ ನಮ್ಮ ಪೇಸ್ಟೇ ಹಾಕು ಅಂತ ಅಪ್ಪ ಹೇಳ್ತಾರೆ. ಮಾಡಬಹುದಾ? ಬೆಕ್ಕೂ ಒಂದುಂಟು.

ಶಾರದಕ್ಕ, ನೀರ್ಚಾಲು:
ಗಣೇಶಣ್ಣ, ಎರಡೂ ಬೇಡ. ಪೇಸ್ಟನ್ನು ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ಪೇಸ್ಟಿನಲ್ಲಿರುವ ಫ್ಲೋರೈಡ್ ಅದರ ಹೊಟ್ಟೆಗೆ ಹೋಗಬಾರದು. ಕೆಲವು ಪೇಸ್ಟಿನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಉಂಟು, ಅದಂತೂ ನಾಯಿಗೆ ವಿಷ. ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ, ಲಿವರ್ ಕೆಡುತ್ತದೆ. ಉಮಿಕರಿ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತದೆ. ನಾಯಿಗೆಂದೇ ಮಾಡಿದ ಪೇಸ್ಟ್ ತನ್ನಿ. ಅದಿಲ್ಲದಿದ್ದರೆ ನೀರಲ್ಲಿ ಅದ್ದಿದ ಮೆತ್ತನೆ ಬ್ರಶ್ ಸಾಕು.

ನಾನು ಸಂಜೆ ಹಟ್ಟಿ ಕೆಲಸ ಮುಗಿಸಿ ಜಗಲಿಯಲ್ಲಿ ಕೂತು ಮಾಡುವುದು. ಪಕ್ಕದಲ್ಲಿ ಕೂರಬೇಕು, ಎದುರು ನಿಂತು ಬಾಯಿ ಅಗಲಿಸಲಿಕ್ಕೆ ಹೋಗಬಾರದು. ಬಾಯಿ ಮುಚ್ಚಿಯೇ ಇರಲಿ. ತುಟಿಯನ್ನು ಬೆರಳಲ್ಲಿ ಮೇಲೆತ್ತಿ, ವಸಡು ಹಲ್ಲಿಗೆ ಸೇರುವ ಗೆರೆಗೆ ಬ್ರಶ್ ಓರೆಯಾಗಿ ಹಿಡಿದು ಸಣ್ಣಗೆ ಸುತ್ತಿಸಿ. ಹೊರಮೈ ಮುಖ್ಯ, ಒಳಮೈಯನ್ನು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಮೇಲಿನ ದೊಡ್ಡ ದವಡೆಹಲ್ಲಿಗೆ ಹೆಚ್ಚು ಹೊತ್ತು ಕೊಡಿ; ಜೊಲ್ಲಿನ ನಾಳ ಅಲ್ಲಿ ತೆರೆಯುವುದರಿಂದ ಕೊಳೆ ಬೇಗ ಕಲ್ಲಾಗುತ್ತದೆ. ಹಾಗಾಗಲಿಕ್ಕೆ 2-3 ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ತಿಕ್ಕಿ ಪ್ರಯೋಜನವಿಲ್ಲ. ದಿನಾ ಬೇಕು.

ಕಾಳುವಿನದ್ದು ಈಗಾಗಲೇ ಕಲ್ಲಾಗಿದೆ, ಬ್ರಶ್ಶಿಗೆ ಹೋಗುವುದಿಲ್ಲ. ದಯವಿಟ್ಟು ಚೂರಿ ಹಾಕಿ ಕೆರೆಯಬೇಡಿ. ಡಾಕ್ಟರು ಅರಿವಳಿಕೆ ಕೊಟ್ಟು ವಸಡಿನ ಅಡಿಯಲ್ಲಿರುವುದನ್ನೂ ತೆಗೆಯಬೇಕು. ಮೊದಲು ಅದಾಗಲಿ. ವಸಡು ನೋಯುವಾಗ ತಿಕ್ಕಿದರೆ ಮತ್ತೆ ಬ್ರಶ್ ಕಂಡ ಕೂಡಲೇ ಅದು ಓಡುತ್ತದೆ.

ರಫೀಕ್, ಉಪ್ಪಳ:
ಎಲುಬು ಜಗಿದರೆ ಹಲ್ಲು ಕ್ಲೀನ್ ಆಗ್ತದೆ ಹೇಳ್ತಾರಲ್ಲ ಅಕ್ಕ?

ಶಾರದಕ್ಕ:
ಹಲ್ಲೇ ಸೀಳಬಹುದು ತಮ್ಮಾ. ಬೇಯಿಸಿದ ಎಲುಬಾದರೆ ಚೂಪಾಗಿ ಒಡೆದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಜಗಿಯಲಿಕ್ಕೆ ಏನೇ ಕೊಡುವುದಾದರೂ ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ಕೊಡಬೇಡಿ.

ಗಣೇಶಣ್ಣ, ಬೆಕ್ಕಿನದ್ದು ಬಿಟ್ಟುಹೋಯಿತು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ, ಮೊದಮೊದಲು ಕೋರೆಹಲ್ಲು ಮಾತ್ರ ಒರೆಸಿ, ಅಭ್ಯಾಸವಾದ ಮೇಲೆ ಹಿಂದಕ್ಕೆ ಹೋಗಿ. ಲವಂಗದೆಣ್ಣೆ ಹಚ್ಚಲೇಬೇಡಿ, ಬೆಕ್ಕಿಗೆ ಅದು ವಿಷ. ಒಂದೇ ಬದಿಯಲ್ಲಿ ಅಗಿಯುತ್ತದಾ, ಜೊಲ್ಲು ಸುರಿಸುತ್ತದಾ, ಹಸಿವಿದ್ದೂ ಬಟ್ಟಲಿನ ಹತ್ತಿರ ಹೋಗಿ ಹಿಂದೆ ಬರುತ್ತದಾ ನೋಡಿ. ಬೆಕ್ಕುಗಳಲ್ಲಿ ಹಲ್ಲೇ ಕರಗುತ್ತಾ ಹೋಗುವ ರೋಗ ಉಂಟು, ತುಂಬ ನೋವಿನದ್ದು. ಹಾಗಿದ್ದರೆ ಕಾಳುವನ್ನು ಕರೆದುಕೊಂಡು ಹೋಗುವಾಗ ಅದನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ.